ಭಾರತೀಯ ರಿಸರ್ವ್ ಬ್ಯಾಂಕಿನ ಅಧಿಕಾರ ಮತ್ತು ದೇಶದ ಅರ್ಥವ್ಯವಸ್ಥೆ

ಭಾರತೀಯ ರಿಸರ್ವ್ ಬ್ಯಾಂಕು ಭಾರತದ ಕೇಂದ್ರ ಬ್ಯಾಂಕು. ನೋಟುಗಳ ಚಲಾವಣೆ, ಅಲ್ಪಾವಧಿ ಬಡ್ಡಿದರದ ನಿರ್ಧಾರ, ವಿದೇಶಿ ವಿನಿಮಯ ಮೀಸಲಿನ ನಿರ್ವಹಣೆ, ಬ್ಯಾಂಕುಗಳ ಮೇಲ್ವಿಚಾರಣೆ ಹಾಗೂ ಸರ್ಕಾರದ ಸಾಲದ ನಿರ್ವಹಣೆ ಇದರ ಮುಖ್ಯ ಕಾರ್ಯಗಳಾಗಿವೆ. ಈ ಸಂಸ್ಥೆಯು ತೆರಿಗೆ ವಿಧಿಸುವುದಿಲ್ಲ, ಆಯವ್ಯಯ ಮಂಡಿಸುವುದಿಲ್ಲ. ಇದರ ಗವರ್ನರ್ ಜನರಿಂದ ಚುನಾಯಿತರಾದವರೂ ಅಲ್ಲ. ಆದರೂ ಇದರ ತೀರ್ಮಾನಗಳು ಮನೆ ಸಾಲದ ಕಂತು, ಠೇವಣಿಯ ಬಡ್ಡಿ, ದಿನಸಿಯ ಬೆಲೆ, ಆಮದಿನ ವೆಚ್ಚ ಮತ್ತು ಉದ್ಯೋಗಾವಕಾಶಗಳ ಮೇಲೆ ನೇರ ಅಥವಾ ಪರೋಕ್ಷ ಪರಿಣಾಮ ಬೀರುತ್ತವೆ. ಈ ಅಧಿಕಾರವು ಸಂಸತ್ತಿನ ಕಾಯಿದೆಯಿಂದ ಬಂದದ್ದಾಗಿದ್ದು, ಅದರ ವ್ಯಾಪ್ತಿಯು ಬ್ಯಾಂಕು ಮತ್ತು ಕೇಂದ್ರ ಸರ್ಕಾರದ ನಡುವಣ ಸಂಬಂಧಕ್ಕೆ ಅನುಗುಣವಾಗಿ ಕಾಲಕಾಲಕ್ಕೆ ಹಿಗ್ಗುತ್ತಲೂ ಕುಗ್ಗುತ್ತಲೂ ಬಂದಿದೆ.

ಕಾನೂನಿನ ಆಧಾರ

1926ರಲ್ಲಿ ಹಿಲ್ಟನ್ ಯಂಗ್ ಆಯೋಗವು ಭಾರತಕ್ಕೆ ಪ್ರತ್ಯೇಕ ಕೇಂದ್ರ ಬ್ಯಾಂಕು ಬೇಕೆಂದು ಶಿಫಾರಸು ಮಾಡಿತು. ಇದರ ಫಲವಾಗಿ 1934ರ ಭಾರತೀಯ ರಿಸರ್ವ್ ಬ್ಯಾಂಕ್ ಕಾಯಿದೆ ರೂಪುಗೊಂಡು, 1935ರ ಏಪ್ರಿಲ್ 1ರಂದು ಬ್ಯಾಂಕು ಕಾರ್ಯಾರಂಭ ಮಾಡಿತು. ಆರಂಭದಲ್ಲಿ ಇದು ಖಾಸಗಿ ಷೇರುದಾರರ ಒಡೆತನದಲ್ಲಿತ್ತು. 1937ರಲ್ಲಿ ಕೇಂದ್ರ ಕಚೇರಿಯು ಕಲ್ಕತ್ತೆಯಿಂದ ಮುಂಬಯಿಗೆ ಸ್ಥಳಾಂತರಗೊಂಡಿತು. 1943ರಲ್ಲಿ ಸಿ. ಡಿ. ದೇಶಮುಖ್ ಅವರು ಗವರ್ನರ್ ಹುದ್ದೆಗೇರಿದ ಮೊದಲ ಭಾರತೀಯರಾದರು. 1949ರ ಜನವರಿ 1ರಂದು ಬ್ಯಾಂಕು ರಾಷ್ಟ್ರೀಕರಣಗೊಂಡಿತು. ಅದೇ ವರ್ಷ ಜಾರಿಗೆ ಬಂದ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯು ಇತರ ಬ್ಯಾಂಕುಗಳಿಗೆ ಪರವಾನಗಿ ನೀಡುವ, ಅವುಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವ ಅಧಿಕಾರವನ್ನು ಇದಕ್ಕೆ ನೀಡಿತು.

ಗವರ್ನರ್ ಹಾಗೂ ಡೆಪ್ಯುಟಿ ಗವರ್ನರ್‌ಗಳನ್ನು ನೇಮಿಸುವುದು ಕೇಂದ್ರ ಸರ್ಕಾರ. ಕಾಯಿದೆಯ 7ನೆಯ ಪ್ರಕರಣದ ಪ್ರಕಾರ, ಸಾರ್ವಜನಿಕ ಹಿತದೃಷ್ಟಿಯಿಂದ ಅಗತ್ಯವೆಂದು ಕಂಡುಬಂದಲ್ಲಿ ಸರ್ಕಾರವು ಗವರ್ನರ್ ಜೊತೆ ಸಮಾಲೋಚಿಸಿದ ನಂತರ ಬ್ಯಾಂಕಿಗೆ ನಿರ್ದೇಶನ ನೀಡಬಹುದು. ಹೀಗಾಗಿ ರಿಸರ್ವ್ ಬ್ಯಾಂಕಿನ ಸ್ವಾಯತ್ತತೆಗೆ ಸಂವಿಧಾನದ ರಕ್ಷಣೆ ಇಲ್ಲ. ಅದು ಕಾಯಿದೆಯ ಮೇಲೆ ಎಷ್ಟು ಅವಲಂಬಿತವೋ ರೂಢಿಯ ಮೇಲೂ ಅಷ್ಟೇ ಅವಲಂಬಿತವಾಗಿದೆ.

ಅಧಿಕಾರದ ಸಾಧನಗಳು

ರೆಪೊ ದರ: ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಾಗಿ ಪಡೆದು ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ನೀಡುವಾಗ ರಿಸರ್ವ್ ಬ್ಯಾಂಕು ವಿಧಿಸುವ ಬಡ್ಡಿದರವೇ ರೆಪೊ ದರ. ಇದು ಏರಿದರೆ ಬ್ಯಾಂಕುಗಳಿಗೆ ಹಣ ದುಬಾರಿಯಾಗಿ, ಅವು ನೀಡುವ ಸಾಲವೂ ದುಬಾರಿಯಾಗುತ್ತದೆ. ಇಳಿದರೆ ಸಾಲ ಅಗ್ಗವಾಗುತ್ತದೆ.

ನಗದು ಮೀಸಲು ಮತ್ತು ದ್ರವ್ಯತಾ ಅನುಪಾತಗಳು: ಬ್ಯಾಂಕುಗಳು ತಮ್ಮ ಠೇವಣಿಗಳ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಬೇಕು. ಇದು ನಗದು ಮೀಸಲು ಅನುಪಾತ. ಇನ್ನೊಂದು ಪಾಲನ್ನು ಸರ್ಕಾರಿ ಸಾಲಪತ್ರ, ಚಿನ್ನ ಮುಂತಾದವುಗಳಲ್ಲಿ ತೊಡಗಿಸಬೇಕು. ಇದು ಶಾಸನಬದ್ಧ ದ್ರವ್ಯತಾ ಅನುಪಾತ. 1990ರ ದಶಕದ ಆರಂಭದಲ್ಲಿ ಮೊದಲನೆಯದು ಶೇಕಡಾ 15, ಎರಡನೆಯದು ಶೇಕಡಾ 38.5 ಇತ್ತು. ಅಂದರೆ ಜನರು ಇಟ್ಟ ಪ್ರತಿ 100 ರೂಪಾಯಿ ಠೇವಣಿಯಲ್ಲಿ 53 ರೂಪಾಯಿ 50 ಪೈಸೆ ಉದ್ಯಮ, ವ್ಯಾಪಾರ ಅಥವಾ ಕೃಷಿ ಸಾಲಕ್ಕೆ ದೊರೆಯುತ್ತಿರಲಿಲ್ಲ. ಅದರ ಬಹುಭಾಗ ಸರ್ಕಾರದ ಕೊರತೆಯನ್ನು ತುಂಬಲು ಬಳಕೆಯಾಗುತ್ತಿತ್ತು. ಆರ್ಥಿಕ ಸುಧಾರಣೆಗಳ ನಂತರ ಈ ಎರಡೂ ಅನುಪಾತಗಳನ್ನು ಹಂತಹಂತವಾಗಿ ಇಳಿಸಲಾಯಿತು.

ಮುಕ್ತ ಮಾರುಕಟ್ಟೆ ಕಾರ್ಯಾಚರಣೆ: ಸರ್ಕಾರಿ ಸಾಲಪತ್ರಗಳನ್ನು ಮಾರುಕಟ್ಟೆಯಲ್ಲಿ ಕೊಳ್ಳುವ ಮೂಲಕ ರಿಸರ್ವ್ ಬ್ಯಾಂಕು ಬ್ಯಾಂಕಿಂಗ್ ವ್ಯವಸ್ಥೆಗೆ ಹಣವನ್ನು ಹರಿಸುತ್ತದೆ, ಮಾರುವ ಮೂಲಕ ಹಿಂದಕ್ಕೆ ಪಡೆಯುತ್ತದೆ. ಡಾಲರ್ ಖರೀದಿ ಮತ್ತು ಮಾರಾಟದಿಂದ ರೂಪಾಯಿಯ ಮೌಲ್ಯದಲ್ಲಿನ ತೀವ್ರ ಏರಿಳಿತವನ್ನು ತಗ್ಗಿಸುತ್ತದೆ.

ನೋಟು ಚಲಾವಣೆ: ಒಂದು ರೂಪಾಯಿ ನೋಟು ಮತ್ತು ನಾಣ್ಯಗಳನ್ನು ಕೇಂದ್ರ ಸರ್ಕಾರ ಹೊರಡಿಸುತ್ತದೆ. ಉಳಿದ ಎಲ್ಲ ನೋಟುಗಳನ್ನು ರಿಸರ್ವ್ ಬ್ಯಾಂಕು ಹೊರಡಿಸುತ್ತದೆ. ಇದರ ಅಂಗಸಂಸ್ಥೆಯ ಎರಡು ನೋಟು ಮುದ್ರಣಾಲಯಗಳ ಪೈಕಿ ಒಂದು ಕರ್ನಾಟಕದ ಮೈಸೂರಿನಲ್ಲಿಯೂ ಮತ್ತೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿಯೂ ಇವೆ.

ಬ್ಯಾಂಕುಗಳ ಮೇಲ್ವಿಚಾರಣೆ: ಸಂಕಷ್ಟಕ್ಕೊಳಗಾದ ಬ್ಯಾಂಕಿನಿಂದ ಹಣ ಹಿಂಪಡೆಯುವುದಕ್ಕೆ ರಿಸರ್ವ್ ಬ್ಯಾಂಕು ಮಿತಿ ಹೇರಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ತಲಾ 35,000 ರೂಪಾಯಿಗಿಂತ ಹೆಚ್ಚು ಹಿಂಪಡೆಯದಂತೆ ನಿರ್ಬಂಧ ವಿಧಿಸಲಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಖಾತೆದಾರರಿಗೆ 50,000 ರೂಪಾಯಿಗಳ ತಾತ್ಕಾಲಿಕ ಮಿತಿ ಜಾರಿಯಾಯಿತು. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆಯ ಮಿತಿಯನ್ನು 1 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸಲಾಯಿತು. ಅದೇ ವರ್ಷ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ ತಂದ ತಿದ್ದುಪಡಿಯಿಂದ ಸಹಕಾರ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತ ಬಿಗಿಯಾಯಿತು.

ಬಡ್ಡಿದರವು ಜನಜೀವನವನ್ನು ತಲುಪುವ ಬಗೆ

ರೆಪೊ ದರದ ಬದಲಾವಣೆಯು ಬ್ಯಾಂಕುಗಳ ಮೂಲಕ ಸಾಲಗಾರರನ್ನೂ ಠೇವಣಿದಾರರನ್ನೂ ತಲುಪುವ ಕ್ರಿಯೆಯನ್ನು ನೀತಿ ಪ್ರಸರಣ ಎನ್ನುತ್ತಾರೆ. ಭಾರತದಲ್ಲಿ ಇದು ಬಹುಕಾಲ ನಿಧಾನವಾಗಿತ್ತು. ರೆಪೊ ದರ ಇಳಿದಾಗಲೂ ಬ್ಯಾಂಕುಗಳು ಹಳೆಯ ಸಾಲಗಳ ಬಡ್ಡಿಯನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಿರಲಿಲ್ಲ. ಈ ಕಾರಣದಿಂದ 2019ರ ಅಕ್ಟೋಬರ್ 1ರಿಂದ ಮನೆ, ವಾಹನ ಮುಂತಾದ ಹೊಸ ಬದಲಾಗುವ ಬಡ್ಡಿಯ ಸಾಲಗಳನ್ನೂ ಸಣ್ಣ ಉದ್ದಿಮೆಗಳ ಸಾಲಗಳನ್ನೂ ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಿಸಬೇಕೆಂದು ಬ್ಯಾಂಕುಗಳಿಗೆ ಸೂಚಿಸಲಾಯಿತು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ವರ್ಷಗಳ ಅವಧಿಗೆ 20 ಲಕ್ಷ ರೂಪಾಯಿಗಳ ಮನೆ ಸಾಲವನ್ನು ವಾರ್ಷಿಕ ಶೇಕಡಾ 7ರ ಬಡ್ಡಿಗೆ ಪಡೆದರೆ ಮಾಸಿಕ ಕಂತು ಸುಮಾರು 15,506 ರೂಪಾಯಿ. ಬಡ್ಡಿಯು ಶೇಕಡಾ 9.5ಕ್ಕೆ ಏರಿದರೆ ಅಂತಹುದೇ ಸಾಲದ ಕಂತು ಸುಮಾರು 18,643 ರೂಪಾಯಿ ಆಗುತ್ತದೆ. ಕಂತನ್ನು ಏರಿಸದೆ ಹಳೆಯ ಮೊತ್ತವನ್ನೇ ಮುಂದುವರಿಸಿದರೆ ಅದು ಬಡ್ಡಿಗೂ ಸಾಲದು. ಏಕೆಂದರೆ 20 ಲಕ್ಷಕ್ಕೆ ಶೇಕಡಾ 9.5ರಂತೆ ಒಂದು ತಿಂಗಳ ಬಡ್ಡಿಯೇ 15,833 ರೂಪಾಯಿ. ಆಗ ಅಸಲು ಕರಗುವ ಬದಲು ಬೆಳೆಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರೆಪೊ ದರವು ಶೇಕಡಾ 4ರಿಂದ 6.5ಕ್ಕೆ, ಅಂದರೆ ಇದೇ 2.5 ಅಂಶಗಳಷ್ಟು ಏರಿತು.

ಠೇವಣಿದಾರರ ಸ್ಥಿತಿ ಇದಕ್ಕೆ ವಿರುದ್ಧವಾದುದು. ಬಡ್ಡಿದರ ಇಳಿದಾಗ ನಿವೃತ್ತರ ಮತ್ತು ಸಣ್ಣ ಉಳಿತಾಯಗಾರರ ಆದಾಯ ಕುಗ್ಗುತ್ತದೆ. ಠೇವಣಿಯ ಬಡ್ಡಿಯು ಹಣದುಬ್ಬರಕ್ಕಿಂತ ಕಡಿಮೆಯಾದರೆ ಉಳಿತಾಯದ ಮೊತ್ತ ಅಂಕಿಯಲ್ಲಿ ಬೆಳೆದರೂ ಅದರ ಕೊಳ್ಳುವ ಶಕ್ತಿ ಕ್ಷೀಣಿಸುತ್ತದೆ. ಆದುದರಿಂದ ಬಡ್ಡಿದರದ ಪ್ರತಿಯೊಂದು ತೀರ್ಮಾನವೂ ಸಾಲಗಾರ ಮತ್ತು ಉಳಿತಾಯಗಾರರ ನಡುವೆ ಲಾಭನಷ್ಟಗಳನ್ನು ಹಂಚುವ ತೀರ್ಮಾನವೂ ಆಗಿರುತ್ತದೆ.

ಸರ್ಕಾರದೊಂದಿಗಿನ ಸಂಬಂಧದ ಇತಿಹಾಸ

ಬೆನೆಗಲ್ ರಾಮರಾವ್ ರಾಜೀನಾಮೆ

ಮಂಗಳೂರಿನ ಬೆನೆಗಲ್ ಕುಟುಂಬಕ್ಕೆ ಸೇರಿದ ಬೆನೆಗಲ್ ರಾಮರಾವ್ ಅವರು 1949ರಿಂದ 1957ರವರೆಗೆ ಗವರ್ನರ್ ಆಗಿದ್ದರು. ಈ ಹುದ್ದೆಯಲ್ಲಿ ಅತಿ ದೀರ್ಘಕಾಲ ಇದ್ದವರು ಇವರೇ. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ಅವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸುವ ಪ್ರಸ್ತಾವ ಮಂಡಿಸಿದರು. ಹೆಸರಿಗೆ ಇದು ತೆರಿಗೆಯ ಕ್ರಮವಾಗಿದ್ದರೂ, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲದ ವೆಚ್ಚವನ್ನು ಏರಿಸುವ ಪರಿಣಾಮ ಅದಕ್ಕಿತ್ತು. ಬಡ್ಡಿದರವನ್ನು ನಿಗದಿಪಡಿಸುವ ಬ್ಯಾಂಕಿನ ಅಧಿಕಾರದಲ್ಲಿ ಇದು ಹಸ್ತಕ್ಷೇಪವೆಂದು ರಾಮರಾವ್ ಆಕ್ಷೇಪಿಸಿದರು. ಪ್ರಧಾನಿ ಜವಾಹರಲಾಲ್ ನೆಹರು ಅವರು ಸಚಿವರ ಪಕ್ಷ ವಹಿಸಿದ್ದರಿಂದ 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ನೀಡಿದರು. ಭಿನ್ನಾಭಿಪ್ರಾಯ ತೀವ್ರಗೊಂಡಾಗ ಕೊನೆಯ ಮಾತು ಚುನಾಯಿತ ಸರ್ಕಾರದ್ದೇ ಎಂಬುದು ಈ ಪ್ರಸಂಗದಿಂದ ಸ್ಪಷ್ಟವಾಯಿತು.

ಬ್ಯಾಂಕುಗಳ ರಾಷ್ಟ್ರೀಕರಣ

1969ರ ಜುಲೈ 19ರಂದು ಕೇಂದ್ರ ಸರ್ಕಾರವು 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಇವುಗಳಲ್ಲಿ ಸೇರಿದ್ದವು. 1980ರಲ್ಲಿ ಇನ್ನೂ 6 ಬ್ಯಾಂಕುಗಳು ರಾಷ್ಟ್ರೀಕೃತವಾದವು. ಅವುಗಳ ಪೈಕಿ ವಿಜಯಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಸಹ ಅದೇ ಪ್ರದೇಶದವು. ರಾಷ್ಟ್ರೀಕರಣದಿಂದ ಗ್ರಾಮೀಣ ಶಾಖೆಗಳು ಹೆಚ್ಚಿದವು, ಕೃಷಿ ಮತ್ತು ಸಣ್ಣ ಉದ್ದಿಮೆಗಳಿಗೆ ಸಾಲ ಹರಿಯಿತು. ಅದೇ ವೇಳೆ ಸಾಲ ಯಾರಿಗೆ, ಯಾವ ಬಡ್ಡಿಗೆ ಎಂಬ ತೀರ್ಮಾನಗಳಲ್ಲಿ ಸರ್ಕಾರದ ಪಾತ್ರ ಹಿರಿದಾಯಿತು. ನಾನಾ ವಲಯಗಳಿಗೆ ನಾನಾ ಬಡ್ಡಿದರಗಳು ಆಡಳಿತಾತ್ಮಕವಾಗಿ ನಿಗದಿಯಾಗತೊಡಗಿದುದರಿಂದ ಬಡ್ಡಿದರವು ಹಣದುಬ್ಬರವನ್ನು ನಿಯಂತ್ರಿಸುವ ಸಾಧನವಾಗಿ ಹೆಚ್ಚು ಉಪಯೋಗಕ್ಕೆ ಬರಲಿಲ್ಲ.

ಕೊರತೆಗೆ ನೋಟು ಮುದ್ರಣ ಮತ್ತು ಅದರ ಅಂತ್ಯ

1950ರ ದಶಕದಿಂದ ಸರ್ಕಾರದ ನಗದು ಶಿಲ್ಕು ನಿಗದಿತ ಮಟ್ಟಕ್ಕಿಂತ ಕುಸಿದಾಗಲೆಲ್ಲ ತಾತ್ಕಾಲಿಕ ಖಜಾನೆ ಹುಂಡಿಗಳನ್ನು ರಿಸರ್ವ್ ಬ್ಯಾಂಕಿಗೆ ನೀಡಿ ಹಣ ಪಡೆಯುವ ಪದ್ಧತಿ ಜಾರಿಯಲ್ಲಿತ್ತು. ಹೆಸರು ತಾತ್ಕಾಲಿಕವಾದರೂ ಈ ಸಾಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು. ಸರ್ಕಾರದ ಕೊರತೆಯು ತಾನಾಗಿಯೇ ಹೊಸ ಹಣವಾಗಿ ಪರಿವರ್ತನೆಗೊಳ್ಳುತ್ತಿದ್ದುದರಿಂದ, ಹಣದ ಪೂರೈಕೆಯನ್ನು ಹತೋಟಿಯಲ್ಲಿಡುವ ಬ್ಯಾಂಕಿನ ಶಕ್ತಿ ಕುಂದಿತ್ತು.

1991ರಲ್ಲಿ ವಿದೇಶಿ ವಿನಿಮಯ ಮೀಸಲು ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಕುಸಿಯಿತು. ಆ ಜುಲೈನಲ್ಲಿ ರೂಪಾಯಿಯನ್ನು ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಲಾಯಿತು. ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಒತ್ತೆಯಿಟ್ಟು ಸಾಲ ಪಡೆಯಲಾಯಿತು. ಈ ಬಿಕ್ಕಟ್ಟಿನ ನಂತರದ ಸುಧಾರಣೆಗಳ ಭಾಗವಾಗಿ, ಸಿ. ರಂಗರಾಜನ್ ಅವರು ಗವರ್ನರ್ ಆಗಿದ್ದಾಗ, 1994ರಲ್ಲಿ ಸರ್ಕಾರ ಮತ್ತು ಬ್ಯಾಂಕು ಒಪ್ಪಂದಕ್ಕೆ ಬಂದವು. ಅದರಂತೆ 1997ರ ಏಪ್ರಿಲ್‌ನಿಂದ ತಾತ್ಕಾಲಿಕ ಖಜಾನೆ ಹುಂಡಿಗಳು ರದ್ದಾಗಿ, ಮಿತಿಯುಳ್ಳ ಅಲ್ಪಾವಧಿ ಮುಂಗಡದ ವ್ಯವಸ್ಥೆ ಬಂದಿತು. 2003ರ ವಿತ್ತೀಯ ಹೊಣೆಗಾರಿಕೆ ಮತ್ತು ಆಯವ್ಯಯ ನಿರ್ವಹಣೆ ಕಾಯಿದೆಯು ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಅದರ ಪ್ರಕಾರ ಕಾಯಿದೆಯಲ್ಲಿ ಹೇಳಿದ ವಿಶೇಷ ಸಂದರ್ಭಗಳ ಹೊರತು, 2006ರ ಏಪ್ರಿಲ್‌ನಿಂದ ಸರ್ಕಾರದ ಹೊಸ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕು ನೇರವಾಗಿ ಕೊಳ್ಳುವಂತಿಲ್ಲ.

ಹಣದುಬ್ಬರದ ಗುರಿ

2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಗೆ ತಂದ ತಿದ್ದುಪಡಿಯು ಬೆಲೆಗಳ ಸ್ಥಿರತೆಯನ್ನು ಹಣಕಾಸು ನೀತಿಯ ಪ್ರಧಾನ ಉದ್ದೇಶವೆಂದು ಘೋಷಿಸಿತು. ಆರ್ಥಿಕ ಬೆಳವಣಿಗೆಯನ್ನೂ ಗಮನದಲ್ಲಿಡಬೇಕೆಂದು ಅದೇ ತಿದ್ದುಪಡಿ ಹೇಳುತ್ತದೆ. ಸರ್ಕಾರವು ಬ್ಯಾಂಕಿನ ಜೊತೆ ಸಮಾಲೋಚಿಸಿ ಐದು ವರ್ಷಗಳಿಗೊಮ್ಮೆ ಗುರಿಯನ್ನು ನಿಗದಿಪಡಿಸುತ್ತದೆ. 2016ರಲ್ಲಿ ಗ್ರಾಹಕ ಬೆಲೆ ಹಣದುಬ್ಬರದ ಗುರಿಯನ್ನು ಶೇಕಡಾ 4 ಎಂದೂ, ಸಹಿಸಬಹುದಾದ ಮಿತಿಯನ್ನು ಶೇಕಡಾ 2ರಿಂದ 6 ಎಂದೂ ನಿಗದಿಪಡಿಸಲಾಯಿತು. 2021ರಲ್ಲಿ ಅದನ್ನೇ ಮುಂದುವರಿಸಲಾಯಿತು.

ಹಿಂದೆ ಗವರ್ನರ್ ಒಬ್ಬರೇ ಕೈಗೊಳ್ಳಬಹುದಾಗಿದ್ದ ಬಡ್ಡಿದರದ ತೀರ್ಮಾನವು ಈಗ ಆರು ಸದಸ್ಯರ ಹಣಕಾಸು ನೀತಿ ಸಮಿತಿಯದ್ದು. ಮೂವರು ಬ್ಯಾಂಕಿನ ಒಳಗಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನ ತಜ್ಞರು. ತೀರ್ಮಾನ ಬಹುಮತದಿಂದ ಆಗುತ್ತದೆ. ಮತಗಳು ಸಮವಾದರೆ ಗವರ್ನರ್‌ಗೆ ನಿರ್ಣಾಯಕ ಮತವಿದೆ. ಪ್ರತಿ ಸದಸ್ಯರ ಮತ ಮತ್ತು ಅದಕ್ಕೆ ಕಾರಣಗಳನ್ನು ಸಭೆಯ ಹದಿನಾಲ್ಕನೆಯ ದಿನ ಪ್ರಕಟಿಸಲಾಗುತ್ತದೆ. ಸಮಿತಿಯ ಮೊದಲ ಸಭೆ 2016ರ ಅಕ್ಟೋಬರ್‌ನಲ್ಲಿ ನಡೆಯಿತು.

ಕೋವಿಡ್ ಸಂದರ್ಭದಲ್ಲಿ, 2020ರ ಮೇ ತಿಂಗಳ ಹೊತ್ತಿಗೆ ಸಮಿತಿಯು ರೆಪೊ ದರವನ್ನು ಶೇಕಡಾ 4ಕ್ಕೆ ಇಳಿಸಿತ್ತು. 2022ರ ಆರಂಭದಲ್ಲಿ ಯುಕ್ರೇನ್ ಯುದ್ಧದಿಂದ ತೈಲ ಮತ್ತು ಆಹಾರದ ಬೆಲೆಗಳು ಏರಿ, ಏಪ್ರಿಲ್‌ನಲ್ಲಿ ಹಣದುಬ್ಬರ ಶೇಕಡಾ 7.79 ತಲುಪಿತು. ಮೇ 4ರಂದು ನಿಗದಿತ ವೇಳಾಪಟ್ಟಿಯ ಹೊರಗೆ ಕರೆದ ಸಭೆಯ ನಂತರ ರೆಪೊ ದರವನ್ನು ಶೇಕಡಾ 4.40ಕ್ಕೆ ಏರಿಸಲಾಯಿತು. ಸತತ ಮೂರು ತ್ರೈಮಾಸಿಕಗಳಲ್ಲಿ ಸರಾಸರಿ ಹಣದುಬ್ಬರ ಮಿತಿಯಿಂದ ಆಚೆ ಉಳಿದರೆ ಅದರ ಕಾರಣ ಮತ್ತು ಪರಿಹಾರಗಳನ್ನು ಬ್ಯಾಂಕು ಸರ್ಕಾರಕ್ಕೆ ವರದಿ ಮಾಡಬೇಕೆಂದು ಕಾಯಿದೆ ಹೇಳುತ್ತದೆ. 2022ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಇಂತಹ ವರದಿಯನ್ನು ಸಲ್ಲಿಸಬೇಕಾಯಿತು. ಆ ವರದಿಯನ್ನು ಆಗ ಸಾರ್ವಜನಿಕವಾಗಿ ಪ್ರಕಟಿಸದಿದ್ದುದು ಟೀಕೆಗೆ ಒಳಗಾಯಿತು. ಹಣದುಬ್ಬರ ತಗ್ಗಿದ ನಂತರ 2025ರ ಫೆಬ್ರವರಿಯಿಂದ ದರ ಇಳಿಕೆ ಆರಂಭವಾಗಿ, ಜೂನ್ ವೇಳೆಗೆ ರೆಪೊ ದರ ಶೇಕಡಾ 5.50ಕ್ಕೆ ಬಂದಿತು.

ನೋಟು ಅಮಾನ್ಯೀಕರಣ ಮತ್ತು ಸ್ವಾಯತ್ತತೆಯ ಪ್ರಶ್ನೆ

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ಮುಖಬೆಲೆಯ ನೋಟುಗಳು ಅಮಾನ್ಯವಾಗುವುದಾಗಿ ಪ್ರಧಾನಿ ಪ್ರಕಟಿಸಿದರು. ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಇವುಗಳ ಪಾಲು ಸುಮಾರು ಶೇಕಡಾ 86 ಆಗಿತ್ತು. ಕಾಯಿದೆಯ 26ನೆಯ ಪ್ರಕರಣದ ಅನ್ವಯ ಇಂತಹ ಕ್ರಮಕ್ಕೆ ಬ್ಯಾಂಕಿನ ಕೇಂದ್ರ ಮಂಡಳಿಯ ಶಿಫಾರಸು ಬೇಕು. ಸರ್ಕಾರವು ಹಿಂದಿನ ದಿನ ಸಲಹೆ ನೀಡಿ, ಮಂಡಳಿಯು ಘೋಷಣೆಯ ದಿನವೇ ಶಿಫಾರಸು ಮಾಡಿತ್ತು. ಅಮಾನ್ಯವಾದ 15.41 ಲಕ್ಷ ಕೋಟಿ ರೂಪಾಯಿಗಳಲ್ಲಿ 15.31 ಲಕ್ಷ ಕೋಟಿ ಬ್ಯಾಂಕುಗಳಿಗೆ ಮರಳಿತು.

2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 4:1ರ ಬಹುಮತದಿಂದ ಈ ಕ್ರಮದ ಪ್ರಕ್ರಿಯೆಯನ್ನು ಎತ್ತಿಹಿಡಿಯಿತು. ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಬಿ. ವಿ. ನಾಗರತ್ನ ಅವರು ಭಿನ್ನ ತೀರ್ಪು ನೀಡಿದರು. ಪ್ರಸ್ತಾವವು ಸರ್ಕಾರದಿಂದ ಹುಟ್ಟಿದ್ದಾದರೆ ಅದನ್ನು ಶಾಸನದ ಮೂಲಕ ತರಬೇಕಿತ್ತು, ಬ್ಯಾಂಕು ಈ ವಿಷಯದಲ್ಲಿ ಸ್ವತಂತ್ರವಾಗಿ ವಿವೇಚಿಸಲಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ಬ್ಯಾಂಕಿನ ಹೆಚ್ಚುವರಿ ಹಣದ ವಿಷಯವೂ ವಿವಾದಕ್ಕೆ ಎಡೆಮಾಡಿತು. ರಿಸರ್ವ್ ಬ್ಯಾಂಕು ತನ್ನ ವೆಚ್ಚ ಮತ್ತು ಮೀಸಲುಗಳನ್ನು ಕಳೆದು ಉಳಿದ ಲಾಭವನ್ನು ಸರ್ಕಾರಕ್ಕೆ ವರ್ಗಾಯಿಸುತ್ತದೆ. ಎಷ್ಟು ಮೀಸಲು ಇಟ್ಟುಕೊಳ್ಳಬೇಕು, ಬ್ಯಾಂಕುಗಳ ಮೇಲಿನ ನಿರ್ಬಂಧಗಳನ್ನು ಎಷ್ಟು ಸಡಿಲಿಸಬೇಕು ಎಂಬ ಬಗ್ಗೆ 2018ರಲ್ಲಿ ಭಿನ್ನಾಭಿಪ್ರಾಯಗಳು ಬಹಿರಂಗವಾದವು. ಆ ಅಕ್ಟೋಬರ್‌ನಲ್ಲಿ ಡೆಪ್ಯುಟಿ ಗವರ್ನರ್ ವಿರಳ್ ಆಚಾರ್ಯ ಅವರು ಕೇಂದ್ರ ಬ್ಯಾಂಕಿನ ಸ್ವಾತಂತ್ರ್ಯವನ್ನು ಸಮರ್ಥಿಸಿ ಸಾರ್ವಜನಿಕ ಉಪನ್ಯಾಸ ನೀಡಿದರು. ಡಿಸೆಂಬರ್ 10ರಂದು ಗವರ್ನರ್ ಊರ್ಜಿತ್ ಪಟೇಲ್ ಅವರು ವೈಯಕ್ತಿಕ ಕಾರಣ ನೀಡಿ ರಾಜೀನಾಮೆ ಸಲ್ಲಿಸಿದರು. ನಂತರ ಬಿಮಲ್ ಜಲಾನ್ ಸಮಿತಿಯ ಶಿಫಾರಸಿನ ಮೇರೆಗೆ 2019ರ ಆಗಸ್ಟ್‌ನಲ್ಲಿ 1,76,051 ಕೋಟಿ ರೂಪಾಯಿಗಳನ್ನು ಸರ್ಕಾರಕ್ಕೆ ವರ್ಗಾಯಿಸಲು ತೀರ್ಮಾನಿಸಲಾಯಿತು.

ಇತರ ದೇಶಗಳೊಂದಿಗೆ ಹೋಲಿಕೆ

ಕೇಂದ್ರ ಬ್ಯಾಂಕಿಗೆ ಎಷ್ಟು ಸ್ವಾತಂತ್ರ್ಯ ಇರಬೇಕೆಂಬ ಚರ್ಚೆಯಲ್ಲಿ ಎರಡು ವಿದೇಶಿ ನಿದರ್ಶನಗಳು ಮತ್ತೆ ಮತ್ತೆ ಪ್ರಸ್ತಾಪವಾಗುತ್ತವೆ. ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದ ಪಾಲ್ ವೋಲ್ಕರ್ ಅವರು 1979ರಿಂದ ಹಣದ ಪೂರೈಕೆಯನ್ನು ಬಿಗಿಗೊಳಿಸಿದರು. ಅಲ್ಪಾವಧಿ ಬಡ್ಡಿದರ ಶೇಕಡಾ 20ರ ಸಮೀಪಕ್ಕೆ ಏರಿತು. 1980ರಲ್ಲಿ ಶೇಕಡಾ 13ನ್ನು ಮೀರಿದ್ದ ಹಣದುಬ್ಬರವು 1983ರ ವೇಳೆಗೆ ಶೇಕಡಾ 3ರ ಆಸುಪಾಸಿಗೆ ಇಳಿಯಿತು. ಆದರೆ ಈ ನಡುವೆ, 1982ರ ಕೊನೆಯಲ್ಲಿ ನಿರುದ್ಯೋಗ ಶೇಕಡಾ 10.8 ತಲುಪಿತ್ತು. ಬೆಲೆಗಳ ಸ್ಥಿರತೆಗೆ ಕೆಲಸ ಕಳೆದುಕೊಂಡವರು ಬೆಲೆ ತೆತ್ತರು.

ಟರ್ಕಿಯ ಅನುಭವ ಇದಕ್ಕೆ ವ್ಯತಿರಿಕ್ತವಾದುದು. ಅಲ್ಲಿ 2019 ಮತ್ತು 2021ರ ನಡುವೆ ಮೂವರು ಗವರ್ನರ್‌ಗಳನ್ನು ಹುದ್ದೆಯಿಂದ ತೆಗೆಯಲಾಯಿತು. ಬೆಲೆಗಳು ಏರುತ್ತಿದ್ದರೂ 2021ರ ಸೆಪ್ಟೆಂಬರ್‌ನಿಂದ ಬಡ್ಡಿದರವನ್ನು ಇಳಿಸುತ್ತ ಹೋಗಲಾಯಿತು. 2022ರ ಅಕ್ಟೋಬರ್‌ನಲ್ಲಿ ವಾರ್ಷಿಕ ಹಣದುಬ್ಬರ ಶೇಕಡಾ 85ನ್ನು ಮೀರಿತು. ನೀತಿ ಬದಲಾದ ಮೇಲೆ, 2024ರ ಮಾರ್ಚ್ ವೇಳೆಗೆ ಬಡ್ಡಿದರವನ್ನು ಶೇಕಡಾ 50ಕ್ಕೆ ಏರಿಸಬೇಕಾಯಿತು.

ಮಿತಿಗಳು ಮತ್ತು ಟೀಕೆಗಳು

ಬಡ್ಡಿದರದಿಂದ ಬೇಡಿಕೆಯನ್ನು ತಗ್ಗಿಸಬಹುದು, ಆದರೆ ಪೂರೈಕೆಯನ್ನು ಹೆಚ್ಚಿಸಲಾಗದು. ಮುಂಗಾರು ಕೈಕೊಟ್ಟು ಈರುಳ್ಳಿ, ಟೊಮೆಟೊ ಅಥವಾ ತೊಗರಿಯ ಬೆಲೆ ಏರಿದಾಗ ರೆಪೊ ದರ ಏರಿಸಿದರೆ ಬೆಳೆ ಬರುವುದಿಲ್ಲ. 2012ನ್ನು ಮೂಲ ವರ್ಷವಾಗಿ ಹೊಂದಿದ್ದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಸುಮಾರು ಶೇಕಡಾ 46 ಇದ್ದುದರಿಂದ, ತನ್ನ ಹತೋಟಿಯಲ್ಲಿಲ್ಲದ ಬೆಲೆಗಳಿಗೆ ಬ್ಯಾಂಕು ಉತ್ತರದಾಯಿಯಾಗಬೇಕಾಗುತ್ತದೆ ಎಂಬ ಟೀಕೆ ಇದೆ. ಆಹಾರದ ಬೆಲೆ ಏರಿಕೆ ದೀರ್ಘಕಾಲ ಉಳಿದರೆ ಅದು ಕೂಲಿ ಮತ್ತು ಇತರ ಬೆಲೆಗಳಿಗೂ ಹರಡುತ್ತದೆ, ಆದುದರಿಂದ ಅದನ್ನು ಕಡೆಗಣಿಸಲಾಗದು ಎಂಬುದು ಇದಕ್ಕೆ ನೀಡಲಾಗುವ ಉತ್ತರ.

ಬ್ಯಾಂಕಿನ ಸಾಲ ವ್ಯವಸ್ಥೆಯ ಹೊರಗಿರುವವರನ್ನು ನೀತಿ ದರ ಸಮರ್ಪಕವಾಗಿ ತಲುಪುವುದಿಲ್ಲ ಎಂಬುದು ಇನ್ನೊಂದು ಮಿತಿ. ಲೇವಾದೇವಿಗಾರರಿಂದ ಕೈಸಾಲ ಪಡೆಯುವ ರೈತ ಅಥವಾ ಬೀದಿ ವ್ಯಾಪಾರಿಗೆ ರೆಪೊ ದರದ ಇಳಿಕೆಯ ಲಾಭ ಅಪರೂಪ. ಬೆಲೆ ಏರಿಕೆಯ ಹೊರೆ ಮಾತ್ರ ಅವರಿಗೂ ತಪ್ಪದು.

ಸ್ವಾಯತ್ತತೆಯ ಪರ ವಾದಿಸುವವರು, ಚುನಾವಣೆಯ ಅವಧಿಗೆ ಬದ್ಧವಾದ ಸರ್ಕಾರಗಳು ಅಗ್ಗದ ಸಾಲವನ್ನು ಬಯಸುತ್ತವೆ, ಅದರಿಂದ ಉಂಟಾಗುವ ಹಣದುಬ್ಬರ ತಡವಾಗಿ ಬರುತ್ತದೆ, ಆದುದರಿಂದ ಹಣದ ಮೌಲ್ಯವನ್ನು ಕಾಯುವ ಹೊಣೆ ಬೇರೆಯವರ ಬಳಿ ಇರಬೇಕು ಎನ್ನುತ್ತಾರೆ. ವಿರೋಧಿಸುವವರು, ಕೋಟ್ಯಂತರ ಜನರ ಆದಾಯ ಮತ್ತು ಉದ್ಯೋಗಗಳನ್ನು ಮುಟ್ಟುವ ತೀರ್ಮಾನಗಳು ಮತದಾರರಿಗೆ ಉತ್ತರಿಸಬೇಕಾಗಿಲ್ಲದ ಕೆಲವೇ ಮಂದಿಯ ಕೈಯಲ್ಲಿರಬಾರದು ಎನ್ನುತ್ತಾರೆ. 2016ರ ತಿದ್ದುಪಡಿಯು ಇವೆರಡರ ನಡುವಣ ವ್ಯವಸ್ಥೆಯಾಗಿದೆ: ಗುರಿಯನ್ನು ನಿಗದಿಪಡಿಸುವುದು ಸರ್ಕಾರ, ಅದನ್ನು ತಲುಪುವ ಮಾರ್ಗವನ್ನು ಆರಿಸುವುದು ಸಮಿತಿ, ವಿಫಲವಾದರೆ ಕಾರಣ ನೀಡುವುದು ಬ್ಯಾಂಕು.